ಕಾಚಂಪುಳಿಯ ಮಾತ್ರೆ ನಾನು ಕಳಿಸುವುದಿಲ್ಲ

ಕೊಲಂಬಸ್, ಓಹಾಯೊ
ಜುಲೈ 24

ಪ್ರೀತಿಯ ಅಕ್ಕನಿಗೆ,

ನಾವಿಲ್ಲಿ ಕ್ಷೇಮ. ಅಪ್ಪ, ಅವ್ವ, ಭಾವ, ಮಕ್ಕಳು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಈ ಕಾಗದ ತರುವ ನಾಪೋಕ್ಲಿನ ಹುಡುಗನ ಬ್ಯಾಗಿನಲ್ಲಿ ನೀನು ತರಿಸಲು ಹೇಳಿದ, ತೂಕ ಇಳಿಸುವ ಮಾತ್ರೆಯ ಬಾಟಲಿ ಇಲ್ಲ. ಅವನನ್ನು ಬೈಯಬೇಡ. ಅವನು ತರುತ್ತೇನೆ ಅಂದಿದ್ದ, ನಾನೇ ಕೊಡಲಿಲ್ಲ. ಕಾರಣ ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ‘ಆಯ್ತು ಬಿಡು ಮಾರಾಯ್ತಿ’ ಅಂದುಬಿಡುತ್ತೀ. ಕಾಗದವಾದರೆ ಕಕ್ಕಡ ತಿಂಗಳ ಮಳೆಯಲ್ಲಿ ಬೇರೆ ಕೆಲಸವಿಲ್ಲದೆ ಕೊನೆಯವರೆಗೂ ಓದುತ್ತೀ ಎಂಬ ಆಸೆ.

ನೀನು ವಾಟ್ಸಾಪಿನಲ್ಲಿ ಹಾಕಿದ ಫೋಟೋ ನೋಡಿ ನನಗೆ ನಗು ಬಂತು. ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂದು ದೊಡ್ಡಕ್ಷರದಲ್ಲಿ ಬರೆದು ಹಳದಿ ಹಣ್ಣಿನ ಚಿತ್ರ ಹಾಕಿದ್ದಾರಲ್ಲ, ಆ ಹಣ್ಣು ಯಾವುದು ಗೊತ್ತಾ? ನಮ್ಮ ತೋಟದ ಕೆಳಗೆ ತೋಡಿನ ಪಕ್ಕದ ಮರದಿಂದ ಬೀಳುತ್ತದಲ್ಲ, ಅದೇ ಕಾಚಂಪುಳಿ ಹಣ್ಣು. ಅವ್ವ ಮಳೆಯಲ್ಲಿ ಹೆಕ್ಕಿ ತಂದು ಬುಟ್ಟಿಗೆ ಹಾಕಿ, ರಸ ತೊಟ್ಟಿಕ್ಕಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿ ವರ್ಷಕ್ಕಾಗುವಷ್ಟು ತುಂಬಿಡುವುದು ಅದನ್ನೇ. ಪಂದಿಕರಿ ಇಳಿಸುವ ಮುಂಚೆ ಒಂದೆರಡು ಚಮಚ ಬೀಳುವ ಆ ಹುಳಿಯ ಸಾರವನ್ನು ಇಲ್ಲಿ ಪುಡಿ ಮಾಡಿ, ಕ್ಯಾಪ್ಸೂಲಿಗೆ ತುಂಬಿ, ಕೊಬ್ಬು ಕರಗಿಸುತ್ತದೆ ಎಂದು ಮಾರುತ್ತಾರೆ. ಕಾಚಂಪುಳಿಗೆ ಕೊಬ್ಬು ಕರಗುವುದಾಗಿದ್ದರೆ ಕೊಡಗಿನಲ್ಲಿ ದಪ್ಪ ಇರುವವರೇ ಇರಬಾರದಿತ್ತು. ನಮ್ಮ ದೊಡ್ಡಪ್ಪನನ್ನು ನೆನೆಸಿಕೋ.

ಅಪ್ಪನಿಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. ಈ ಹಣ್ಣಿನ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು. ಆಮೇಲೆ ಅಮೆರಿಕದ ಪ್ರಯೋಗಾಲಯಗಳಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ನಾವು ತಿಂದ ಅನ್ನ, ಸಕ್ಕರೆ ಹೆಚ್ಚಾದಾಗ ದೇಹ ಅದನ್ನು ಕೊಬ್ಬಾಗಿ ಮಾಡಿಕೊಳ್ಳುತ್ತದೆ. ಆ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಇಲಿಗಳಲ್ಲಿ ಪರಿಣಾಮ ಕಾಣಿಸಿತು. ವ್ಯಾಪಾರಿಗಳಿಗೆ ಅಷ್ಟು ಸಾಕಾಯಿತು.

ಮನುಷ್ಯರಲ್ಲಿ ಏನಾಯಿತು ಕೇಳು. 1998ರಲ್ಲಿ ಇಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. 135 ಜನ, 12 ವಾರ. ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎಲ್ಲರಿಗೂ ಕ್ಯಾಲೊರಿ ಕಡಿಮೆ, ನಾರು ಜಾಸ್ತಿ ಇರುವ ಊಟದ ಪಟ್ಟಿ. ಕೊನೆಗೆ ಹುಳಿ ಮಾತ್ರೆಯವರು ಸರಾಸರಿ 3.2 ಕಿಲೋ ಇಳಿದರು. ಖಾಲಿ ಮಾತ್ರೆಯವರು 4.1 ಕಿಲೋ! ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಅನ್ನುತ್ತಾರೆ, ಸರಿ. ಆದರೆ ಇಳಿಸಿದ್ದು ಊಟದ ಪಟ್ಟಿ, ಮಾತ್ರೆಯಲ್ಲ. ಇಷ್ಟಾದ ಮೇಲೂ 2012ರಲ್ಲಿ ಡಾಕ್ಟರ್ ಓಜ್ ಎಂಬ ಇಲ್ಲಿನ ಹೆಸರಾಂತ ವೈದ್ಯರು ತಮ್ಮ ಟಿ.ವಿ. ಕಾರ್ಯಕ್ರಮದಲ್ಲಿ ಇದನ್ನು ಹಾಡಿಹೊಗಳಿದರು, ಅಂಗಡಿಗಳಲ್ಲಿ ಬಾಟಲಿಗಳು ಸಾಲುಗಟ್ಟಿದವು. 2014ರಲ್ಲಿ ಇಲ್ಲಿನ ಸೆನೆಟ್ ಅವರನ್ನು ಕೂರಿಸಿಕೊಂಡು ಇಂಥ ಮಾತುಗಳ ಬಗ್ಗೆ ಪ್ರಶ್ನೆ ಮಾಡಿತು. ಬಾಟಲಿಗಳು ಮಾತ್ರ ಎಲ್ಲೂ ಹೋಗಿಲ್ಲ, ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲೂ ಇವೆ.

‘ನಮ್ಮ ಮನೆಯ ಹಣ್ಣೇ ತಾನೆ, ಉಪಯೋಗವಿಲ್ಲದಿದ್ದರೂ ತೊಂದರೆಯೇನು?’ ಎಂದು ಕೇಳುತ್ತೀ. ಸಾರಿಗೆ ಬೀಳುವ ಚಮಚ ಹುಳಿ ಎಲ್ಲರಿಗೂ ಹಂಚಿಹೋಗುತ್ತದೆ. ಕ್ಯಾಪ್ಸೂಲಿನಲ್ಲಿ ಸಾರ ತೆಗೆದು ಗಟ್ಟಿ ಮಾಡಿದ್ದನ್ನು ದಿನಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ, ಒಬ್ಬರೇ ನುಂಗುವುದು. ಅದನ್ನು ತಿಂದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. 2009ರ ಮೇ ತಿಂಗಳಲ್ಲಿ ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನಗಳನ್ನು ಬಳಸಬೇಡಿ ಎಂದು ಇಲ್ಲಿನ ಆಹಾರ, ಔಷಧಿ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್.ಡಿ.ಎ. ಎಚ್ಚರಿಸಿತು. 23 ಗಂಭೀರ ವರದಿಗಳು, ಅದರಲ್ಲಿ ಒಂದು ಸಾವು. ಅವುಗಳಲ್ಲಿ ಕೆಲವದರಲ್ಲಿ ಈ ಹಣ್ಣಿನ ಸಾರವಿದ್ದರೂ ಜೊತೆಗೆ ಬೇರೆ ಬೇರೆ ಪದಾರ್ಥಗಳಿದ್ದವು, ಹಾಗಾಗಿ ಎಲ್ಲ ತಪ್ಪೂ ಈ ಹಣ್ಣಿನ ತಲೆಗೇ ಕಟ್ಟುವ ಹಾಗಿಲ್ಲ. ಆದರೆ 2022ರಲ್ಲಿ ಅಮೆರಿಕದ ಲಿವರ್ ತಜ್ಞರ ಗುಂಪು ಗಾರ್ಸಿನಿಯಾ ಒಂದನ್ನೇ ಇಲ್ಲವೇ, ಹೆಚ್ಚಿನವರು, ಗ್ರೀನ್ ಟೀ ಸಾರದ ಜೊತೆ ತಿಂದು ಲಿವರ್ ಕೆಟ್ಟ 22 ಪ್ರಕರಣಗಳನ್ನು ವಿವರವಾಗಿ ಬರೆಯಿತು. ಒಂದು ಬಗೆಯ ಜೀನ್ ಇರುವವರಲ್ಲಿ ಅಪಾಯ ಹೆಚ್ಚು ಕಂಡಿತಂತೆ. ನಿನಗೆ ಆ ಜೀನ್ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ತಿನ್ನುವ ಎಲ್ಲರಿಗೂ ಹೀಗಾಗುವುದಿಲ್ಲ, ನೂರಾರು ಜನಕ್ಕೆ ಏನೂ ಆಗುವುದಿಲ್ಲ. ಆದರೆ ಪ್ರಯೋಜನವೇ ಇಲ್ಲದ ವಸ್ತುವಿಗೆ ಅಷ್ಟು ಅಪಾಯವಾದರೂ ಯಾಕೆ?

ಅಮೆರಿಕದ ಬಾಟಲಿ ಅಂದರೆ ಸರ್ಕಾರ ಪರೀಕ್ಷೆ ಮಾಡಿಯೇ ಬಿಟ್ಟಿರುತ್ತದೆ ಎಂಬ ನಂಬಿಕೆ ನಿನಗೊಬ್ಬಳಿಗಲ್ಲ, ಇಲ್ಲಿಯವರಿಗೂ ಇದೆ. ಹಾಗಿಲ್ಲ ಅಕ್ಕ. 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾಡುವವರು ಅದು ಕೆಲಸ ಮಾಡುತ್ತದೆಂದು ಮಾರುವ ಮುಂಚೆ ಎಫ್.ಡಿ.ಎ.ಗೆ ತೋರಿಸಿಕೊಡಬೇಕಾಗಿಲ್ಲ. ತೊಂದರೆ ಕಂಡ ಮೇಲೆ ಸರ್ಕಾರ ಹಿಂದೆ ಓಡುತ್ತದೆ, ಅಷ್ಟೇ. ಬಾಟಲಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಈ ಮಾತನ್ನು ಎಫ್.ಡಿ.ಎ. ಪರಿಶೀಲಿಸಿಲ್ಲ, ಇದು ಯಾವ ಕಾಯಿಲೆಯನ್ನೂ ಗುಣಪಡಿಸಲು ಅಲ್ಲ. ಮುಂದೆ ಬೆಟ್ಟದಷ್ಟು ಭರವಸೆ, ಹಿಂದೆ ಕೈ ತೊಳೆದುಕೊಳ್ಳುವ ಸಾಲು. ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಲೈಸೆನ್ಸ್ ಸಂಖ್ಯೆ ನೋಡಿ ‘ಗೌರ್ಮೆಂಟು ಅಪ್ರೂವ್ಡ್’ ಅನ್ನುತ್ತಾರೆ. ಅದು ಆಹಾರ ವ್ಯಾಪಾರಕ್ಕೆ ಕೊಟ್ಟ ಲೈಸೆನ್ಸ್, ತೂಕ ಇಳಿಯುತ್ತದೆ ಎಂಬ ಸರ್ಟಿಫಿಕೇಟಲ್ಲ. ಇನ್ನೊಂದು ವಿಷಯ: ಬೊಜ್ಜು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಹಾಕುವುದೇ ನಮ್ಮ ದೇಶದಲ್ಲಿ 1954ರ ಕಾಯ್ದೆಯ ಪ್ರಕಾರ ತಪ್ಪು. ಆದರೂ ಬಸ್‌ಸ್ಟ್ಯಾಂಡಿನ ಗೋಡೆಗಳನ್ನು ನೋಡು.

ಗೋಣಿಕೊಪ್ಪದಲ್ಲಿ ನಿನ್ನ ಗೆಳತಿ ನಡೆಸುವ ಬೆಳಗಿನ ಶೇಕ್ ಸೆಂಟರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವಳು ಒಳ್ಳೆಯವಳು, ಅವಳ ಹೊಟ್ಟೆಪಾಡು. ತಿಂಡಿ ಬಿಟ್ಟು ಲೋಟ ಶೇಕ್ ಕುಡಿದರೆ ತೂಕ ಸ್ವಲ್ಪ ಇಳಿಯಬಹುದು, ತಿಂಡಿ ಬಿಟ್ಟಿದ್ದಕ್ಕೆ. ಅದಕ್ಕೆ ಅಷ್ಟು ದುಡ್ಡು ಬೇಕೇ ಎಂಬುದನ್ನು ನೀನೇ ಲೆಕ್ಕ ಹಾಕು. ಆದರೆ ಅವಳು ಕೊಟ್ಟ, ಹೆಸರು ವಿಳಾಸ ಸರಿಯಾಗಿಲ್ಲದ ‘ಹರ್ಬಲ್ ಟೀ’ ಪ್ಯಾಕೆಟನ್ನು ಮುಟ್ಟಬೇಡ. ಕುಡಿದ ಕೂಡಲೇ ಹಸಿವೇ ಇಲ್ಲ, ಎದೆ ಡವಡವ, ರಾತ್ರಿ ನಿದ್ದೆಯಿಲ್ಲ ಎಂದು ಯಾರೋ ಹೇಳಿದರಂತಲ್ಲ, ಅದೇ ನನಗೆ ಹೆದರಿಕೆ. ಸಿಬುಟ್ರಮೈನ್ ಎಂಬ ಔಷಧಿ ಹೀಗೇ ಮಾಡುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗುತ್ತದೆಂದು 2010ರಲ್ಲಿ ಇಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು, 2011ರಲ್ಲಿ ನಮ್ಮಲ್ಲೂ ನಿಷೇಧವಾಯಿತು. ಆಮೇಲೂ ‘ನೂರಕ್ಕೆ ನೂರು ಗಿಡಮೂಲಿಕೆ’ ಎಂದು ಬರೆದ ಪ್ಯಾಕೆಟ್ಟುಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿದ್ದು ಎಫ್.ಡಿ.ಎ. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಆ ಪ್ಯಾಕೆಟಿನಲ್ಲಿ ಏನಿದೆಯೋ ನಾನು ಇಲ್ಲಿಂದ ಹೇಳಲಾರೆ. ಸೊಪ್ಪಿನ ಪುಡಿಯೊಂದು ಎರಡೇ ದಿನದಲ್ಲಿ ಪವಾಡ ತೋರಿಸಿದರೆ ಖುಷಿಗಿಂತ ಅನುಮಾನ ಪಡುವುದು ಒಳ್ಳೆಯದು.

ಈಗ ನಿಮ್ಮ ಮನೆಯ ಮದ್ದಿನ ಡಬ್ಬಿಯ ವಿಷಯ. ಬಾಟಲಿಗಿಂತ ಇದೇ ನನಗೆ ಮುಖ್ಯ.

ಅವ್ವ ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಬೆಲ್ಲದ ಕಾಪಿ ಜೊತೆಗೇ ನುಂಗುತ್ತಾಳೆ, ಹಿಂದೆಯೇ ಕ್ಯಾಲ್ಸಿಯಂ ಮಾತ್ರೆ. ಎರಡೂ ತಪ್ಪು. ಕಾಪಿ ಜೊತೆ ತೆಗೆದುಕೊಂಡರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಪಿ ಕುಡಿಯಲಿ. ಎದ್ದ ಕೂಡಲೇ ಕಾಪಿ ಇಲ್ಲದೆ ಅವ್ವ ಇರುವುದು ಕಷ್ಟ, ಆದರೂ ಹೇಳು. ಕ್ಯಾಲ್ಸಿಯಂ ಆಗಲಿ, ಕಬ್ಬಿಣದ ಮಾತ್ರೆಯಾಗಲಿ ನಾಲ್ಕು ಗಂಟೆ ಬಿಟ್ಟೇ, ಅಂದರೆ ಮಧ್ಯಾಹ್ನದ ಊಟದ ಹೊತ್ತಿಗೆ. ವರ್ಷವಿಡೀ ‘ಥೈರಾಯ್ಡ್ ಹತೋಟಿಗೆ ಬರುತ್ತಿಲ್ಲ’ ಎಂದು ಡೋಸ್ ಏರಿಸಿದ್ದಕ್ಕೆ ಇದೂ ಒಂದು ಕಾರಣವಿರಬಹುದು. ಡಾಕ್ಟರಿಗೆ ಇದನ್ನು ಹೇಳದೆ ಇರಬೇಡಿ.

ನೀನು ಕೂದಲಿಗೆಂದು ತಿನ್ನುವ ಬಯೋಟಿನ್ ವಿಟಮಿನ್ನಿನ ಗಮ್ಮಿಯೂ ಸುಮ್ಮನಿರುವ ವಸ್ತುವಲ್ಲ. ಅದು ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿಗಳನ್ನೇ ತಲೆಕೆಳಗು ಮಾಡಬಲ್ಲದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸು, ತಿನ್ನುತ್ತಿದ್ದೆ ಎಂದು ಲ್ಯಾಬಿನಲ್ಲೂ ಹೇಳು. ಭಾವನಿಗೆ ಬರೆದುಕೊಟ್ಟ ವಿಟಮಿನ್ ಡಿ ಸ್ಯಾಶೆ 60,000 ಯೂನಿಟ್ಟಿನದು, ವಾರಕ್ಕೊಂದು. ಶಕ್ತಿ ಬರುತ್ತದೆಂದು ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕುತ್ತು.

ಎಲ್ಲವೂ ಮೋಸ ಎಂದು ಮಾತ್ರ ತಿಳಿಯಬೇಡ. ಅಪ್ಪ ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದಾರೆ. ಅದರಿಂದ ಬಿ12 ಕಡಿಮೆಯಾಗುವುದುಂಟು. ಪಾದ ಜೋಮು ಹಿಡಿಯುತ್ತದೆ ಅನ್ನುತ್ತಿದ್ದರಲ್ಲ, ಬಿ12 ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಆ ಮಾತ್ರೆ ಬೇಕೇ ಬೇಕು. ಮದುವೆಯಾಗುವ ನಮ್ಮ ಹುಡುಗಿಗೂ, ಮಗುವಿನ ಯೋಚನೆ ಇದ್ದರೆ ಬಸಿರಾಗುವ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಬೇಕು. ಅಗ್ಗದ ಮಾತ್ರೆ, ಅದಕ್ಕೆ ಯಾರೂ ಜಾಹೀರಾತು ಹಾಕುವುದಿಲ್ಲ.

ಇನ್ನು ನಿನ್ನ ತೂಕ. ಡಿಸೆಂಬರಿನ ಮದುವೆಯ ಫೋಟೋಗಳಿಗಾಗಿ ಎಂದು ನನಗೆ ಗೊತ್ತು. ಕೊಡಗಿನ ಸೀರೆ ಉಟ್ಟರೆ ನೆರಿಗೆ ಹಿಂದೆ ಹೋಗಿ ಮುಂದೆ ಹೊಟ್ಟೆ ಬಚ್ಚಿಡಲು ಏನೂ ಉಳಿಯುವುದಿಲ್ಲ, ಅದೂ ಗೊತ್ತು. ಆದರೆ ಎರಡು ವರ್ಷದಿಂದ ಸುಮ್ಮನೆ ಏರುತ್ತಿದೆ, ಸುಸ್ತು, ಚಳಿ ಜಾಸ್ತಿ ಅನ್ನುತ್ತೀ. ಅವ್ವನಿಗೆ ಥೈರಾಯ್ಡ್ ಇರುವಾಗ ನಿನ್ನದನ್ನು ಯಾಕೆ ನೋಡಿಸಿಲ್ಲ? ಮಡಿಕೇರಿಗೆ ಹೋದಾಗ ಥೈರಾಯ್ಡಿನ ಟಿ.ಎಸ್.ಎಚ್., ಸಕ್ಕರೆ, ಲಿವರ್ ಮೂರನ್ನೂ ಮಾಡಿಸು. ಸೊಂಟದ ಸುತ್ತಳತೆಯನ್ನೂ ಟೇಪು ಹಿಡಿದು ನೋಡು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ನಿನ್ನ ತೂಕ 78 ಕಿಲೋ ಅಂದೆ. ಅದರ ನೂರಕ್ಕೆ ಐದು, ಅಂದರೆ ನಾಲ್ಕು ಕಿಲೋ ಇಳಿದರೂ ಸಕ್ಕರೆ, ಬಿ.ಪಿ. ಎರಡಕ್ಕೂ ಒಳ್ಳೆಯದು. ಡಿಸೆಂಬರಿನೊಳಗೆ ಅದು ಅವಸರವಿಲ್ಲದೆ ಆಗುವ ಕೆಲಸ.

ನಮ್ಮಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟೋ ನೂಪುಟ್ಟೋ, ಮೂರು ಹೊತ್ತೂ ಅಕ್ಕಿ. ಬಿಡು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀನು ಬಿಡುವವಳೂ ಅಲ್ಲ. ಕಡಂಬುಟ್ಟು ನಾಲ್ಕಿದ್ದದ್ದು ಎರಡಾಗಲಿ, ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಕಣಿಲೆ ಪಲ್ಯ, ಹೆಸರುಕಾಳು, ಮೊಟ್ಟೆ, ಚರ್ಮ ತೆಗೆದ ಕೋಳಿ ಬರಲಿ. ಮಳೆಗಾಲದಲ್ಲಿ ತೋಟಕ್ಕೆ ಇಳಿಯಲಾಗದಿದ್ದರೆ ಜಗಲಿಯಲ್ಲೇ ನಡೆ. ಸ್ಕೂಲಿನ ಸ್ಟಾಫ್ ರೂಮಿನ ಬಿಸ್ಕತ್ತನ್ನು ಮಾತ್ರ ಪೂರ್ತಿ ನಿಲ್ಲಿಸು. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ನೀನು ಕೇಳಿದ್ದೆ. ಮೌಂಜಾರೊ, ವೆಗೋವಿ 2025ರಿಂದ ನಮ್ಮ ದೇಶದಲ್ಲೂ ಇವೆ, ನಿಜವಾಗಿ ಕೆಲಸ ಮಾಡುತ್ತವೆ. ಆದರೆ ಅವು ಡಾಕ್ಟರ್ ನೋಡಿ ಬರೆದುಕೊಡಬೇಕಾದ ಔಷಧಿ, ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ. ಮದುವೆ ಫೋಟೋಗೆ ಅಲ್ಲ.

ನನ್ನ ಮಾತು ಕೇಳದೆ ಬೇರೆಯವರ ಕೈಲಿ ಆ ಬಾಟಲಿ ತರಿಸಿಯೇ ಬಿಟ್ಟರೆ ಇಷ್ಟಾದರೂ ನೆನಪಿರಲಿ. ಕಣ್ಣು ಹಳದಿಯಾದರೆ, ಮೈ ತುರಿಕೆ, ವಾಕರಿಕೆ ಬಂದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಆ ದಿನವೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು, ಬಾಟಲಿಯನ್ನೂ ತೆಗೆದುಕೊಂಡು ಹೋಗು. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡು ಮೂತ್ರ ಕೆಂಪಾಗುವುದು ಬೇರೆ, ಅದಕ್ಕೆ ಹೆದರಬೇಡ. ಅವ್ವ ಆ ಸೊಪ್ಪನ್ನು ಒಣಗಿಸಿ ಪುಡಿ ಮಾಡಿ ವರ್ಷವಿಡೀ ಕುಡಿಯುವ ಯೋಚನೆಯಲ್ಲಿದ್ದಾಳೆ ಎಂದು ಭಾವ ಹೇಳಿದರು. ಹದಿನೆಂಟು ಬಗೆಯ ಮದ್ದು ಅದರಲ್ಲಿ ಸೇರುತ್ತದೆಂದು ನಂಬಿದ ಹಿರಿಯರೂ ಆ ಒಂದು ದಿನ ಬಿಟ್ಟು ತಿನ್ನಲಿಲ್ಲ ಎಂದು ಅವಳಿಗೆ ನೆನಪಿಸು. ಪಾಯಸವನ್ನು ನನ್ನ ಪಾಲಿಗೂ ತಿನ್ನು, ಬೆಲ್ಲ ಸ್ವಲ್ಪ ಕಡಿಮೆ ಹಾಕಿಸಿ.

ಹುಡುಗ ಆಗಸ್ಟ್ ಕೊನೆಗೆ ವಾಪಸು ಹೊರಡುತ್ತಾನೆ. ಅಷ್ಟರೊಳಗೆ ಮನೆಯಲ್ಲಿ ಯಾರು ಯಾವ ಮಾತ್ರೆ, ಪುಡಿ, ಕಷಾಯ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿ ಡಾಕ್ಟರಿಗೆ ತೋರಿಸಲು ಇಟ್ಟುಕೊಂಡು ಇನ್ನೊಂದನ್ನು ನನಗೆ ಕಳಿಸು. ಮಕ್ಕಳ ಶೂಸು ಅವನ ಬ್ಯಾಗಿನ ತಳದಲ್ಲಿದೆ. ದೊಡ್ಡವನಿಗೆ ಬಿಗಿಯಾದರೆ ಚಿಕ್ಕವನಿಗೆ ಇಟ್ಟುಬಿಡು.

ಅಪ್ಪ, ಅವ್ವನ ಕಾಲಿಗೆ ನಮಸ್ಕಾರ.

ನಿನ್ನ ತಂಗಿ