ಹೊಸ ಟ್ಯಾಬ್ ಕೊಟ್ಟು ಕೈತೊಳೆದುಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಮನೆಯ ಹಿರಿಯರಿಗೆ ಟ್ಯಾಬ್ ಕೊಡಿಸಿ, ವೈಫೈ ಹಾಕಿಕೊಟ್ಟು, ‘ಸುಮ್ನೆ ಒತ್ತುತ್ತಾ ಹೋಗಿ, ಬರುತ್ತೆ’ ಅಂತ ಹೊರಟುಬಿಡುವ ಮಕ್ಕಳಿಗೆ ಈ ಪತ್ರ. ನಾನೂ ಹಾಗೇ ಮಾಡಿದ್ದೆ. ವಾರ ಬಿಟ್ಟು ಊರಿಗೆ ಹೋದರೆ ಟ್ಯಾಬ್ ಬೀರುವಿನ ಮೇಲೆ, ಕಸೂತಿ ಬಟ್ಟೆಯ ಕೆಳಗೆ ಮಲಗಿತ್ತು. ‘ಅಕ್ಷರ ಕಾಣಲ್ಲ, ಏನಂತ ಒತ್ತಲಿ?’ ಅಂದರು ಅಮ್ಮ.

ಅವತ್ತು ಪಕ್ಕದಲ್ಲಿ ಕೂತು ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡ ಮಾಡಿದೆ, ಅಕ್ಷರ ದಪ್ಪ ಮಾಡಿದೆ, ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ಗೆ ಕನ್ನಡ ಸೇರಿಸಿ ಮೈಕ್ ಗುರುತು ತೋರಿಸಿದೆ. ಅದನ್ನು ಒತ್ತಿ ಅಮ್ಮ ‘ಹಾಗಲಕಾಯಿ ಗೊಜ್ಜು’ ಅಂದರು, ಅಕ್ಷರ ತಾನಾಗಿ ಮೂಡಿತು. ಆಮೇಲೆ ಟ್ಯಾಬ್ ನನ್ನ ಕೈಗೆ ಸಿಗಲಿಲ್ಲ!

ಗೂಗಲ್ ಅಕೌಂಟಿನ ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಜೋಪಾನವಾಗಿಡಿ, ಲಾಕ್ ಮರೆತು ರೀಸೆಟ್ ಮಾಡಬೇಕಾಗಿ ಬಂದರೆ ಆಂಡ್ರಾಯ್ಡ್ ಮತ್ತೆ ಅದೇ ಅಕೌಂಟನ್ನು ಕೇಳುತ್ತೆ. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್ ಒಂದೇ ಸಾಕು. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಬರುವ ಎಪಿಕೆ ಫೈಲನ್ನು, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲನ್ನು, ಮಾತ್ರ ಮುಟ್ಟಲೇಬಾರದು (ಕರೆಯೋಲೆಗೆ ಇನ್‌ಸ್ಟಾಲ್ ಯಾಕೆ ಬೇಕು, ಅಲ್ವಾ?). ಇಂಥ ಮೋಸದಲ್ಲಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ನಂಬರನ್ನು ನಾನು ಟ್ಯಾಬಿನ ಹಿಂದೆಯೇ ಚೀಟಿ ಬರೆದು ಅಂಟಿಸಿದ್ದೇನೆ.

– ಒಬ್ಬ ಓದುಗ, ತುಮಕೂರು