ಬಟನ್ ಒತ್ತೋದು ಸುಲಭ, ಕೈಯಲ್ಲಿ ಮುಚ್ಚೋದನ್ನೂ ಕಲಿತುಕೊಳ್ಳಿ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದಲ್ಲಿ ಟ್ರೇಲರ್ ಮನೆ ಎಳೆದುಕೊಂಡು ಊರೂರು ಸುತ್ತುವ ಬಗ್ಗೆ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಬರಹ ಓದಿದೆ. ಬಟನ್ ಒತ್ತಿದರೆ ಗೋಡೆಯೇ ಹೊರಗೆ ಸರಿದು ಕೋಣೆ ದೊಡ್ಡದಾಗುತ್ತದೆ ಅಂತ ಬರೆದಿದ್ದರು. ನಿಜವೇ. ಆದರೆ ಆ ಗೋಡೆ ವಾಪಸ್ ಒಳಗೆ ಬರದಿದ್ದರೆ ಏನು ಮಾಡಬೇಕು ಅನ್ನೋದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಅನುಭವಿಸಿದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಂಡ್ಯ ಕಡೆಯವನು, ಈಗ ಇರೋದು ಮಿಷಿಗನ್‌ನಲ್ಲಿ. ಎರಡು ವರ್ಷದ ಹಿಂದೆ ಒಂದು ಹಳೆಯ ಟ್ರೇಲರ್ ಕೊಂಡೆವು. ಮಾರಿದವರು ಸ್ಟವ್, ಫ್ರಿಜ್ಜು, ಟಿವಿ ಎಲ್ಲ ತೋರಿಸಿ ಕಾಲು ಗಂಟೆಯಲ್ಲಿ ಕೀಲಿ ಕೈಗಿಟ್ಟರು. ಆಯಿಲ್ ಒತ್ತಡದಿಂದ ಆ ಗೋಡೆಯನ್ನು ಸರಿಸುವ ಹೈಡ್ರಾಲಿಕ್ ಪಂಪ್ ಎಲ್ಲಿದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಸುಪೀರಿಯರ್ ಸರೋವರದ ಕಡೆ ಹೋಗಿದ್ದೆವು. ಹೊರಡುವ ದಿನ ಬೆಳಿಗ್ಗೆ ಸ್ಲೈಡ್, ಅಂದರೆ ಹೊರಗೆ ಸರಿಯುವ ಆ ಗೋಡೆಯ ಭಾಗ, ಮುಚ್ಚೋಣ ಅಂತ ಬಟನ್ ಒತ್ತಿದರೆ 'ಟಕ್' ಅಂತ ಸದ್ದು, ಅಷ್ಟೇ. ಮತ್ತೆ ಒತ್ತಿದೆ, ಮತ್ತೆ ಟಕ್. ಸೋಫಾ, ಊಟದ ಟೇಬಲ್ಲು ಎಲ್ಲ ಹೊತ್ತುಕೊಂಡು ಆ ಭಾಗ ಮೂರು ಅಡಿ ಹೊರಗೇ ನಿಂತಿತ್ತು. ಇಲ್ಲಿನ ಹೆದ್ದಾರಿಯಲ್ಲಿ ಗಾಡಿಯ ಅಗಲ ಎಂಟೂವರೆ ಅಡಿ ಮೀರುವಂತಿಲ್ಲ, ಹಾಗಾಗಿ ಅದನ್ನು ತೆರೆದುಕೊಂಡು ಹೊರಡುವ ಮಾತೇ ಇಲ್ಲ. ಚಳಿ ಬೇರೆ. ಮಗಳು ಅಳೋಕೆ ಶುರು ಮಾಡಿದಳು.

ಪಕ್ಕದ ಟ್ರೇಲರ್‌ನ ಹಿರಿಯರೊಬ್ಬರು ನೋಡಿ ತಾವೇ ಬಂದರು. ಬ್ಯಾಟರಿ ಸರಿ ಇದೆ, ಪಂಪ್ ಮೋಟಾರಿಗೆ ಕರೆಂಟ್ ಕಳಿಸುವ ರಿಲೇ ಹೋಗಿದೆ ಅಂದರು. ಮುಂದುಗಡೆ ಸಾಮಾನು ಇಡುವ ಪೆಟ್ಟಿಗೆಯ ಒಂದು ಹಲಗೆ ತೆಗೆದರು. ಅಲ್ಲಿತ್ತು ಪಂಪ್, ನಾನು ಎರಡು ವರ್ಷ ಅದರ ಮುಂದೆಯೇ ಕುರ್ಚಿ ಮಡಚಿ ಇಟ್ಟಿದ್ದೇನೆ! ಸ್ಲೈಡಿಗೆ ಆಯಿಲ್ ಬಿಡುವ ವಾಲ್ವನ್ನು ಅಲೆನ್ ಕೀಯಿಂದ (ಆರು ಮೂಲೆಯ ಕೀಲಿ) ತಿರುಗಿಸಿ ತೆರೆದರು, ಮೋಟಾರಿನ ತುದಿಯಲ್ಲಿದ್ದ ಸ್ಟಿಕ್ಕರ್ ಕಿತ್ತು ಅದರ ಹಿಂದಿನ ತೂತಿಗೆ ಬ್ಯಾಟರಿ ಡ್ರಿಲ್ ಕೊಟ್ಟು ಪಂಪನ್ನು ಕೈಯಾರೆ ತಿರುಗಿಸಿದರು. ಗೋಡೆ ಇಂಚಿಂಚಾಗಿ ಒಳಗೆ ಬಂತು. ವಾಲ್ವನ್ನು ಮತ್ತೆ ಮುಚ್ಚೋದನ್ನು ಮರೀಬೇಡ, ಇಲ್ಲದಿದ್ದರೆ ದಾರಿಯಲ್ಲಿ ತಾನಾಗಿ ಸರಿಯಬಹುದು ಅಂತ ಎರಡು ಸಲ ಹೇಳಿದರು. ಆ ಪುಣ್ಯಾತ್ಮ ಇಲ್ಲದಿದ್ದರೆ ನಾವು ಅಲ್ಲೇ ಇರುತ್ತಿದ್ದೆವು.

ಟ್ರೇಲರನ್ನು ಎತ್ತಿ ನಿಲ್ಲಿಸುವ ಕಾಲುಗಳು, ಅಂದರೆ ಜಾಕ್‌ಗಳ ವಿಷಯವೂ ಹೇಳಬೇಕು. ಹೈಡ್ರಾಲಿಕ್ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಒಂದೇ 12 ವೋಲ್ಟ್ ಪಂಪ್ ಜಾಕ್‌ಗಳನ್ನೂ ಇಳಿಸುತ್ತದೆ, ಸ್ಲೈಡನ್ನೂ ತಳ್ಳುತ್ತದೆ. ತಂಗುವ ಜಾಗಕ್ಕೆ ಬಂದಾಗ ಮೊದಲು ಚಕ್ರಗಳಿಗೆ ಅಡ್ಡ ಕೊಡಬೇಕು, ಆಮೇಲೆ ಮುಂದಿನ ಜಾಕ್ ಇಳಿಸಿ ಭಾರ ಹೊರಿಸಿ ಎಳೆಯುವ ಗಾಡಿಯಿಂದ ಬಿಡಿಸಬೇಕು, ಉಳಿದ ಜಾಕ್ ಇಳಿಸಿ ಮಟ್ಟ ಮಾಡಬೇಕು, ಸ್ಲೈಡ್ ಕೊನೆಗೆ. ನಮ್ಮ ಗಾರೆಯವರು ರಸಮಟ್ಟ ಇಟ್ಟು ನೋಡಿದ ಹಾಗೆ ನಾನು ಈಗಲೂ ಒಳಗೆ ನೆಲದ ಮೇಲೆ ಒಂದು ರಸಮಟ್ಟ ಇಟ್ಟು ನೋಡುತ್ತೇನೆ, ಆಟೊಮ್ಯಾಟಿಕ್ ಇದ್ದರೂ. ಚಾಸಿ (ಕೆಳಗಿನ ಚೌಕಟ್ಟು) ಓರೆಯಾಗಿದ್ದಾಗ ಸ್ಲೈಡ್ ತಳ್ಳಿದರೆ ಅದು ಒಂದು ಕಡೆ ಉಜ್ಜಿ ಅಂಚಿನ ರಬ್ಬರ್ ಕಿತ್ತುಹೋಗಬಹುದು, ಮಳೆ ನೀರು ಒಳಗೆ ಬರೋಕೆ ಅಷ್ಟು ಸಾಕು. ಗ್ಯಾಸಿನಲ್ಲಿ ನಡೆಯುವ ಅಮೋನಿಯಾ ಫ್ರಿಜ್ಜಿಗೂ ಮಟ್ಟ ಬೇಕೇ ಬೇಕು.

ಇನ್ನೊಂದು ಮಾತು, ಇದು ಜೀವದ ವಿಷಯ. ಚಿಕ್ಕವನಿದ್ದಾಗ ಗೊಬ್ಬರ ಸುರಿಯೋಕೆ ಟ್ರ್ಯಾಕ್ಟರ್ ಟ್ರೇಲರ್ ಎತ್ತಿದಾಗ ನಾನು ಅದರ ಕೆಳಗೆ ಬಗ್ಗಿದ್ದಕ್ಕೆ ಅಪ್ಪ ಬೆನ್ನಿಗೆ ಒಂದು ಕೊಟ್ಟಿದ್ದರು. ಮರದ ದಿಮ್ಮಿ ಕೊಡದೆ ಹೈಡ್ರಾಲಿಕ್ ನಂಬಬೇಡ ಅನ್ನೋರು. ಈ ಟ್ರೇಲರ್‌ಗೂ ಅದೇ ಮಾತು, ಬರೀ ಜಾಕ್ ಮೇಲೆ ನಿಂತಾಗ ಕೆಳಗೆ ನುಗ್ಗಬೇಡಿ. ಪೈಪಿನಲ್ಲಿ ಆಯಿಲ್ ಸೋರುತ್ತಿದೆ ಅನಿಸಿದರೆ ಬೆರಳಿಟ್ಟು ಹುಡುಕಬೇಡಿ, ಸೂಜಿ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ರಟ್ಟು ಹಿಡಿದು ನೋಡಿ. ಸ್ಲೈಡ್ ಸರಿಯುವಾಗ ಮಕ್ಕಳು ಯಾರ ಹತ್ತಿರ ಇದ್ದಾರೆ ಅಂತ ಹೆಸರು ಕೂಗಿ ಕೇಳಿಯೇ ಬಟನ್ ಒತ್ತಿ, ಹೊರಗೆ ಒಬ್ಬರು ನಿಂತಿರಲಿ.

ಇಲ್ಲಿನ ಕನ್ನಡದವರು ಈಗ ಟ್ರೇಲರ್ ಬಾಡಿಗೆಗೆ ತಗೊಳ್ಳೋದು, ಕೊಳ್ಳೋದು ನೋಡುತ್ತಿದ್ದೇನೆ, ಊರಿಂದ ಬಂದ ಅಪ್ಪ ಅಮ್ಮನನ್ನೂ ಅದರಲ್ಲೇ ಕರೆದುಕೊಂಡು ಹೋಗುತ್ತಾರೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ನೀತಿಯನ್ನೇ ತಂದಿತು, ನಮ್ಮ ಕಡೆಯೂ ಇಂಥ ಗಾಡಿಗಳು ಜಾಸ್ತಿ ಆಗಬಹುದು. ಹಾಗಾಗಿ ದಯವಿಟ್ಟು ಫೋಟೊ ಜೊತೆಗೆ ಇದನ್ನೂ ಹಾಕಿ: ಕೀಲಿ ತಗೊಳ್ಳುವ ಮುಂಚೆ ಪಂಪ್ ಎಲ್ಲಿದೆ ಕೇಳಿ, ಎಲ್ಲ ಒಳಗೆ ಎಳೆದಿರುವಾಗ ಆಯಿಲ್ ಮಟ್ಟ ನೋಡಿ, ಆಮೇಲೆ ಸ್ಲೈಡ್ ತೆರೆಸಿ, ಕರೆಂಟ್ ಇಲ್ಲದೆ ಮುಚ್ಚಿ ತೋರಿಸಿ ಅನ್ನಿ. ಅವರು ಮುಚ್ಚಿದ ಮೇಲೆ ನೀವೂ ಒಂದು ಸಲ ಮುಚ್ಚಿ.

– ಮಂಡ್ಯ ಮೂಲದ ಓದುಗ, ಮಿಷಿಗನ್, ಅಮೆರಿಕ