ರಿಪೋರ್ಟ್ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ

ಮೆಲ್ಬರ್ನ್

ಪ್ರೀತಿಯ ಅಕ್ಕ,

ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಅವ್ವ ನಡುವೆ ಬಾಯಿ ಹಾಕಿ "ಅಜವಾನದ ನೀರು ಕುಡಿ" ಅಂತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಎಂಡೋಸ್ಕೋಪಿ ರಿಪೋರ್ಟ್ ನೋಡಿದೆ. ಎಲ್ಲ ನಾರ್ಮಲ್. ಆದರೆ ಅರ್ಧ ರೊಟ್ಟಿಗೇ ಹೊಟ್ಟೆ ಬಿಗಿಯೋದು, ಉಬ್ಬರ, ತೇಗು ಹಾಗೇ ಇವೆ. ಮನೆಯಲ್ಲಿ "ಏನೂ ಇಲ್ಲವಂತೆ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಾಳ" ಅಂತಾರಂತೆ. ಆ ಮಾತಿಗೆ ನನಗೆ ಸಿಟ್ಟು ಬಂತು. ಕ್ಯಾಮೆರಾ ಕೊಳವೆ ಒಳಗಿಳಿಸಿ ನೋಡುವ ಆ ಸ್ಕೋಪಿಯಲ್ಲಿ ಹುಣ್ಣು, ಗಡ್ಡೆ, ಉರಿಯೂತ ಕಾಣುತ್ತವೆ. ಜಠರ ಸರಿಯಾಗಿ ಹಿಗ್ಗುತ್ತದಾ, ಊಟವನ್ನು ಹೊತ್ತಿಗೆ ಸರಿಯಾಗಿ ಮುಂದೆ ತಳ್ಳುತ್ತದಾ, ಅಲ್ಲಿನ ನರಗಳು ಎಷ್ಟು ಸೂಕ್ಷ್ಮ, ಇದ್ಯಾವುದೂ ಕಾಣಲ್ಲ. ಸಿದ್ಧೇಶ್ವರ ಜಾತ್ರೆ ದಿನ ರಸ್ತೆಯಲ್ಲಿ ಒಂದು ತಗ್ಗೂ ಇರಲ್ಲ, ಆದರೂ ಗಾಡಿ ಮುಂದೆ ಹೋಗಲ್ಲ, ಅಲ್ವಾ?

ನಾನು ಡಾಕ್ಟರ್ ಅಲ್ಲ, ಲ್ಯಾಬಿನವನು. ನಿನಗೆ ಇದೇ ಕಾಯಿಲೆ ಅಂತ ಹೇಳಲ್ಲ. ಆದರೆ ರಿಪೋರ್ಟ್ ನಾರ್ಮಲ್ ಇದ್ದೂ ಜಠರ, ಕರುಳು ಸರಿಯಾಗಿ ಕೆಲಸ ಮಾಡದ ಇಂಥ ತೊಂದರೆಗಳಿಗೆ ಲೆಕ್ಕ ಇದೆ. 33 ದೇಶಗಳಲ್ಲಿ ವಿಚಾರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಟರ್ನೆಟ್ಟಿನಲ್ಲಿ ಉತ್ತರಿಸಿದವರ ಪೈಕಿ ಸುಮಾರು 40 ಶೇಕಡಾ ಜನರಿಗೆ ಇಂಥದ್ದೊಂದು ಇತ್ತು. ಅಷ್ಟೂ ಜನ ನಾಟಕ ಮಾಡ್ತಿದ್ದಾರಾ? ಇಂಥ ಕೆಲವರ ಕರುಳಿನಲ್ಲಿ ಪರೀಕ್ಷೆಗೆ ಅಂತ ಬಲೂನು ಇಟ್ಟು ಸ್ವಲ್ಪ ಗಾಳಿ ತುಂಬಿದರೂ ನೋವು. ಅಷ್ಟೇ ಗಾಳಿ ಬೇರೆಯವರಿಗೆ ಗೊತ್ತೇ ಆಗಲ್ಲ. ಇದು 1973ರಲ್ಲೇ ಕಂಡ ವಿಷಯ. ಚಿಂತೆ ಇದ್ದರೆ ಜಾಸ್ತಿ ಆಗೋದು ನಿಜ, ಮಿದುಳಿಗೂ ಕರುಳಿಗೂ ನರದ ನಂಟಿದೆ. ಹಾಗಂತ ನೋವು ಸುಳ್ಳಾಗಲ್ಲ.

ಇಲ್ಲಿ ಜಠರ ಖಾಲಿಯಾಗುವ ವೇಗ ನೋಡುವ ಪರೀಕ್ಷೆ ಇದೆ. ಮೊಟ್ಟೆಯ ಬಿಳಿ ಭಾಗದಲ್ಲಿ ಟೆಕ್ನೀಶಿಯಂ ಅನ್ನೋ ವಿಕಿರಣ ವಸ್ತುವನ್ನು ತೀರಾ ಸ್ವಲ್ಪ ಬೆರೆಸಿ ಬೇಯಿಸುತ್ತಾರೆ. ಬ್ರೆಡ್ಡು, ಜಾಮ್ ಜೊತೆ ತಿನ್ನಬೇಕು. ಆಮೇಲೆ ಕ್ಯಾಮೆರಾ ಮುಂದೆ ನಿಲ್ಲೋದು: ತಿಂದ ಕೂಡಲೇ, 1 ಗಂಟೆಗೆ, 2ಕ್ಕೆ, 4ಕ್ಕೆ. ಪರದೆ ಮೇಲೆ ಊಟ ಒಂದು ಹೊಳೆಯುವ ಮುದ್ದೆ, ಬರಬರುತ್ತಾ ಕರಗುತ್ತದೆ. 4 ಗಂಟೆ ಆದರೂ 10 ಶೇಕಡಾಕ್ಕಿಂತ ಜಾಸ್ತಿ ಉಳಿದರೆ ಜಠರ ನಿಧಾನ ಅಂತ ಅರ್ಥ. ಮೊಟ್ಟೆ ಅಂತ ಮುಖ ಸಿಂಡರಿಸಬೇಡ, ನಮ್ಮ ದೇಶದಲ್ಲಿ ಇಡ್ಲಿಗೆ ಬೆರೆಸಿ ನೋಡಿದವರೂ ಇದ್ದಾರೆ! ಎಲ್ಲರಿಗೂ ಇದು ಬೇಕಾಗಲ್ಲ. ವಾಂತಿ ಜಾಸ್ತಿ ಇದ್ದರೆ ಡಾಕ್ಟರನ್ನು ಕೇಳು.

ಊಟದ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನೀನು ಒಂದೊಂದೇ ಬಿಡುತ್ತಾ ಬರೀ ಅನ್ನ ಮಜ್ಜಿಗೆಗೆ ಬಂದಿದ್ದೀಯ. ಅದು ಬೇಡ. ಇದೇ ಊರಿನ ಮೊನಾಶ್ ವಿಶ್ವವಿದ್ಯಾಲಯದವರು ಗ್ಯಾಸ್ ಮಾಡುವ ಪದಾರ್ಥಗಳನ್ನು ಅಳೆದಿದ್ದಾರೆ. ಅವರ ಪಟ್ಟಿಯಲ್ಲಿ ಗೋಧಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಾಲು, ಬಹಳಷ್ಟು ಕಾಳುಗಳು ಸಿಕ್ಕಿಬಿದ್ದಿವೆ. ಜೋಳಕ್ಕೆ ಅಂಥ ಆರೋಪ ಇಲ್ಲ. ಅಂದರೆ ನೀನು ಬಿಟ್ಟ ರೊಟ್ಟಿ ಪಾಪದ್ದು, ಅದರ ಜೊತೆಗಿನ ಜುಣಕವೇ ಕಿತಾಪತಿ ಮಾಡ್ತಿರಬಹುದು. ಕಡಲೆ ಹಿಟ್ಟು, ಉಳ್ಳಾಗಡ್ಡಿ ಎರಡೂ ಅದರಲ್ಲೇ ಇವೆ. ಆ ಪಟ್ಟಿಯಲ್ಲಿರೋದನ್ನು ಕೆಲವು ವಾರ ತಿನ್ನದೆ ನೋಡಿ, ಮತ್ತೆ ಒಂದೊಂದಾಗಿ ಸೇರಿಸಬೇಕು. ಜೀವನಪೂರ್ತಿ ಬಿಡೋದಲ್ಲ. ಆಹಾರತಜ್ಞರು ಸಿಕ್ಕರೆ ಅವರ ಜೊತೆಗೇ ಮಾಡು.

ಊಟದ ನಡುವೆ ಬಿಡುವು ಕೊಡು. ಹೊಟ್ಟೆ ಖಾಲಿ ಇದ್ದಾಗ ಒಂದೂವರೆ, ಎರಡು ಗಂಟೆಗೊಮ್ಮೆ ಜಠರದಿಂದ ಕರುಳಿನವರೆಗೆ ಒಂದು ಬಲವಾದ ಅಲೆ ಹೋಗಿ ಉಳಿದದ್ದನ್ನು ಗುಡಿಸುತ್ತದೆ. ಏನಾದರೂ ತಿಂದ ಕೂಡಲೇ ಅದು ನಿಲ್ಲುತ್ತದೆ. ಅವ್ವ ಗಂಟೆಗೊಮ್ಮೆ ಚೂಡಾ, ಚಹಾ ತಂದಿಡುತ್ತಾಳಲ್ಲ, ಬೇಡ ಅನ್ನೋಕೆ ಇದೊಂದು ನೆಪ ಇಟ್ಟುಕೋ.

ತೂಕ ತಾನಾಗೇ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ನುಂಗಲು ಕಷ್ಟ ಆದರೆ, ರಕ್ತ ಕಡಿಮೆ ಅಂತ ಬಂದರೆ ಮಾತ್ರ ನನ್ನ ಪತ್ರ ಬದಿಗಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗು. ಇಲ್ಲದಿದ್ದರೆ ಎರಡು ವಾರ ಏನು ತಿಂದೆ, ಯಾವಾಗ ಉಬ್ಬಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಫೋಟೋ ವಾಟ್ಸಾಪ್ ಮಾಡು, ಡಾಕ್ಟರಿಗೂ ತೋರಿಸು. ಅಪ್ಪನಿಗೆ ಬಿಪಿ ಮಾತ್ರೆ ತಪ್ಪಿಸಬೇಡಿ ಅಂತ ಹೇಳು.

ನಿನ್ನ ತಮ್ಮ